ಹೊಸ ಸಿ.ಸಿ. ರಸ್ತೆ ಕಿತ್ತುಬಂತೇ? ಪುರಸಭೆಯಿಂದ ಕಡತ ತೆಗೆಸುವುದು ಹೀಗೆ

ಹಾಕಿ ವರ್ಷ ತುಂಬದ ಕಾಂಕ್ರೀಟ್ ರಸ್ತೆ ಎರಡನೇ ಮಳೆಗೇ ಜಲ್ಲಿ ಬಿಟ್ಟರೆ ಬೀದಿಯವರೆಲ್ಲ ಸಹಿ ಹಾಕಿ ಮುಖ್ಯಾಧಿಕಾರಿಗೆ ಮನವಿ ಕೊಡುತ್ತಾರೆ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಎಷ್ಟೋ ಸಲ ಅದೂ ಬರುವುದಿಲ್ಲ. ಆಗ ಯಾರಾದರೊಬ್ಬರು ‘ಆರ್‌ಟಿಐ ಹಾಕಿ’ ಎನ್ನುತ್ತಾರೆ. ಹಾಕಿದ ಅರ್ಜಿ ತಿಂಗಳ ಮೇಲೆ ‘ಕೇಳಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಷರಾದೊಂದಿಗೆ ವಾಪಸಾಗುತ್ತದೆ. ಅಧಿಕಾರಿಗಳನ್ನು ಬೈಯುವ ಮೊದಲು ಆ ಅರ್ಜಿಯನ್ನೇ ಒಮ್ಮೆ ಓದಿ ನೋಡಬೇಕು. ಅದರಲ್ಲಿ ಪ್ರಶ್ನೆಗಳಿರುತ್ತವೆ, ಆರೋಪಗಳಿರುತ್ತವೆ, ಆದರೆ ಯಾವ ಕಾಗದ ಬೇಕು ಎಂಬುದು ಮಾತ್ರ ಇರುವುದಿಲ್ಲ. ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆ, 2005, ಕಾಗದ ಕೊಡಿಸುವ ಕಾಯ್ದೆ. ಕಾಗದದ ಹೆಸರು ಹಿಡಿದು ಕೇಳಿದವರಿಗೆ ಅದು ಸಿಗುತ್ತದೆ.

ಮೊದಲು, ಕೆಲಸ ಯಾರದ್ದು?

ಪಟ್ಟಣದ ಒಳಗಿನ ರಸ್ತೆಯೆಲ್ಲ ಪುರಸಭೆಯದ್ದಲ್ಲ. ಪೇಟೆ ನಡುವಿನ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದ್ದಿರಬಹುದು. ಒಳಚರಂಡಿಗಾಗಿ ಅಗೆದು ಮುಚ್ಚಿದ್ದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಕೆಲಸವಾಗಿರಬಹುದು. ಶಾಸಕರ ನಿಧಿಯ ಕೆಲಸ ಸರ್ಕಾರಿ ಕಾಮಗಾರಿ ನಡೆಸುವ ಸಂಸ್ಥೆಗಳಾದ ನಿರ್ಮಿತಿ ಕೇಂದ್ರಕ್ಕೋ ಕೆಆರ್‌ಐಡಿಎಲ್‌ಗೋ ಹೋಗಿರುವುದೂ ಉಂಟು. ರಸ್ತೆ ಪಕ್ಕದ ಕಾಮಗಾರಿ ಫಲಕದಲ್ಲಿ ಯೋಜನೆ, ಮೊತ್ತ, ಗುತ್ತಿಗೆದಾರರ ಹೆಸರು ಇರುತ್ತವೆ. ಬಣ್ಣ ಮಾಸುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಫಲಕ ಇಲ್ಲದಿದ್ದರೆ ವಾರ್ಡ್ ಸದಸ್ಯರನ್ನೋ ಪುರಸಭೆಯ ಎಂಜಿನಿಯರಿಂಗ್ ಶಾಖೆಯನ್ನೋ ಕೇಳಿ, ಯೋಜನೆಯ ಹೆಸರು ಮತ್ತು ಆರ್ಥಿಕ ವರ್ಷ ಬರೆದುಕೊಳ್ಳಿ. ಈ ಎರಡಿದ್ದರೆ ಶಾಖೆಯವರು ಕಡತ ಹುಡುಕಲು ತಡಕಾಡಬೇಕಿಲ್ಲ.

ತಪ್ಪು ಕಚೇರಿಗೆ ಕೊಟ್ಟಿರೆಂದು ಗಾಬರಿ ಬೇಡ. ಸೆಕ್ಷನ್ 6(3)ರ ಪ್ರಕಾರ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ಆದರೆ ವರ್ಗಾವಣೆಯಾದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ, ಹಾಗಾಗಿ ಎರಡು ದಿನ ಹೆಚ್ಚಾದರೂ ಸರಿಯಾದ ಕಚೇರಿ ತಿಳಿದೇ ಕೊಡಿ.

ಅರ್ಜಿ ಬರೆಯುವುದು: ಎಡವುವುದು ಇಲ್ಲೇ

ಕರ್ನಾಟಕದಲ್ಲಿ ಅರ್ಜಿಗೆ ನಮೂನೆ ‘ಎ’ ಇದೆ. ಪುರಸಭೆ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಮಾಹಿತಿಯ ವಿವರವನ್ನೂ ಮೊದಲೇ ಅಚ್ಚು ಮಾಡಿಸಿದ ಫಾರಂ ಮಾರುತ್ತಾರೆ. ಅದನ್ನು ಕೊಳ್ಳಲೇಬೇಡಿ. ಯಾವುದೋ ಊರಿನ, ಯಾರದೋ ಬಾವಿಯ ಬಗ್ಗೆ ಬರೆದ ವಾಕ್ಯಗಳು ಅದರಲ್ಲಿ ಹಾಗೇ ಉಳಿದಿರುತ್ತವೆ. ನಮೂನೆಯ ಕಾಲಂಗಳನ್ನು ಬಿಳಿ ಹಾಳೆಯ ಮೇಲೆ ನೀವೇ ಬರೆದು ತುಂಬಿ.

ಹೆಸರಿನ ಜಾಗದಲ್ಲಿ ಒಬ್ಬ ವ್ಯಕ್ತಿಯ ಹೆಸರಿರಲಿ. ಕಾಯ್ದೆಯ ಸೆಕ್ಷನ್ 3 ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಯುವಕ ಸಂಘದ ಲೆಟರ್‌ಹೆಡ್‌ನಲ್ಲಿ, ಅಧ್ಯಕ್ಷರ ಮೊಹರು ಒತ್ತಿ ಕೊಟ್ಟರೆ ತಿರಸ್ಕರಿಸಲು ನೀವೇ ನೆಪ ಒದಗಿಸಿದಂತೆ. ಏಕೆ ಬೇಕು ಎಂದು ಬರೆಯಬೇಕಿಲ್ಲ. ಸೆಕ್ಷನ್ 6(2) ಪ್ರಕಾರ ಕಾರಣ ಕೇಳುವ ಅಧಿಕಾರ ಅವರಿಗೆ ಇಲ್ಲ, ಉತ್ತರ ತಲುಪಿಸಲು ಬೇಕಾದ ವಿಳಾಸವಷ್ಟೇ ಸಾಕು. ಕೌಂಟರಿನಲ್ಲಿ ‘ಏನಕ್ಕೆ ಸ್ವಾಮಿ?’ ಎಂದು ಕೇಳಿದರೂ ವಿವರಣೆ ಕೊಡಬೇಕಿಲ್ಲ.

ಈಗ ‘ಮಾಹಿತಿಯ ವಿವರ’ ಎಂಬ ಕಾಲಂ. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡುಗಳಿವೆ: ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದ ಮೀರಬಾರದು. ಎರಡು ಬೀದಿಯ ರಸ್ತೆ ಎಂದರೆ ಎರಡು ಅರ್ಜಿ. ರಸ್ತೆ ಮತ್ತು ಬೀದಿದೀಪ ಎಂದರೂ ಎರಡು ಅರ್ಜಿ. ಉಳಿಯುವ ಹತ್ತು ರೂಪಾಯಿ ಲೆಕ್ಕ ಹಾಕಿ ಎಲ್ಲವನ್ನೂ ಒಂದೇ ಹಾಳೆಗೆ ತುರುಕಿದವರು ಒಂದು ತಿಂಗಳು ಕಳೆದುಕೊಳ್ಳುತ್ತಾರೆ.

ಸಾಮಾನ್ಯವಾಗಿ ಜನ ಬರೆಯುವುದು ಹೀಗೆ: ‘ನಮ್ಮ ಬೀದಿ ರಸ್ತೆ ಕಳಪೆಯಾಗಲು ಕಾರಣವೇನು? ಇದಕ್ಕೆ ಹೊಣೆ ಯಾರು? ಗುತ್ತಿಗೆದಾರರ ಮೇಲೆ ಏಕೆ ಕ್ರಮ ಕೈಗೊಂಡಿಲ್ಲ?’ ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರಿಸಬೇಕಾದರೆ ಅಧಿಕಾರಿ ತಮ್ಮ ಅಭಿಪ್ರಾಯ ಬರೆಯಬೇಕು. ದಾಖಲೆಯಲ್ಲಿ ಇಲ್ಲದ ಅಭಿಪ್ರಾಯವನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದ್ದರಿಂದ ‘ಏಕೆ’ ಎಂಬ ಪದವನ್ನು ಅರ್ಜಿಯಿಂದ ಪೂರ್ತಿ ತೆಗೆದುಹಾಕಿ. ‘ಕಳಪೆ’, ‘ಅವ್ಯವಹಾರ’ ಕೂಡ ಬೇಡ. ‘ಕಳೆದ ಹತ್ತು ವರ್ಷದ ಎಲ್ಲ ಕಾಮಗಾರಿಗಳ ಸಂಪೂರ್ಣ ಮಾಹಿತಿ’ ಎಂದೂ ಕೇಳಬೇಡಿ, ಕೊಡಲಾಗದೆಂದು ಬರೆಯಲು ಅಷ್ಟು ಸಾಕು.

ಕೆಲಸಕ್ಕೆ ಬರುವ ವಾಕ್ಯ ಹೀಗಿರಬೇಕು:

‘ಕೋಟೆ ಬೀದಿಯಲ್ಲಿ ಮಾರಮ್ಮನ ಗುಡಿಯಿಂದ ಸರ್ಕಾರಿ ಪ್ರಾಥಮಿಕ ಶಾಲೆವರೆಗೆ 2024-25ನೇ ಸಾಲಿನಲ್ಲಿ ನಿರ್ಮಿಸಿದ ಸಿ.ಸಿ. ರಸ್ತೆ ಕಾಮಗಾರಿಯ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ: ತಾಂತ್ರಿಕ ಮಂಜೂರಾತಿ ಪಡೆದ ಅಂದಾಜು ಪಟ್ಟಿ ಮತ್ತು ನಕ್ಷೆ, ಕಾರ್ಯಾದೇಶ ಮತ್ತು ಕರಾರು ಪತ್ರ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಎಲ್ಲ ಬಿಲ್ಲುಗಳು, ಕ್ಯೂಬ್ ಪರೀಕ್ಷೆ ಹಾಗೂ ಮೂರನೇ ವ್ಯಕ್ತಿ ತಪಾಸಣೆ ಸೇರಿ ಗುಣಮಟ್ಟ ಪರೀಕ್ಷಾ ವರದಿಗಳು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ.’

ಒಂದೊಂದಕ್ಕೂ ಒಂದು ಕೆಲಸವಿದೆ. ಅಂದಾಜು ಪಟ್ಟಿಯಲ್ಲಿ ರಸ್ತೆ ಹೇಗಿರಬೇಕಿತ್ತು ಎಂಬುದಿರುತ್ತದೆ. ಎಂಜಿನಿಯರ್ ಅಳೆದೆನೆಂದು ಬರೆದದ್ದು ಅಳತೆ ಪುಸ್ತಕದಲ್ಲಿರುತ್ತದೆ. ಹಣ ಯಾವುದಕ್ಕೆ, ಎಷ್ಟು ಹೋಯಿತೆಂದು ಬಿಲ್ಲಿನಿಂದ ಗೊತ್ತಾಗುತ್ತದೆ. ಈ ಮೂರನ್ನೂ ಪಕ್ಕಪಕ್ಕ ಇಡದೆ ಏನೂ ತಿಳಿಯದು. ಕ್ಯೂಬ್ ಪರೀಕ್ಷೆ ಎಂದರೆ ರಸ್ತೆಗೆ ಸುರಿದ ಕಾಂಕ್ರೀಟನ್ನೇ ಚೌಕದ ಅಚ್ಚಿಗೆ ಹಾಕಿ, ಗಟ್ಟಿಯಾದ ಮೇಲೆ ಅದರ ಬಲ ನೋಡುವುದು; ಮೂರನೇ ವ್ಯಕ್ತಿ ತಪಾಸಣೆ ಎಂದರೆ ಪುರಸಭೆಗೂ ಗುತ್ತಿಗೆದಾರರಿಗೂ ಸೇರದ ಹೊರಗಿನವರು ಮಾಡುವ ತಪಾಸಣೆ. ಬಹಳಷ್ಟು ಮಂದಿ ಅಂದಾಜು ಪಟ್ಟಿ ಮತ್ತು ಬಿಲ್ಲು ಮಾತ್ರ ಕೇಳಿ, ಕಚೇರಿಯವರು ‘ಎಂ.ಬಿ.’ ಎಂದು ಕರೆಯುವ ಅಳತೆ ಪುಸ್ತಕವನ್ನು ಬಿಟ್ಟಿರುತ್ತಾರೆ. ಜೀವಾಳವೇ ಅದು. ಬಿಟ್ಟರೆ ಮತ್ತೆ ಮೂವತ್ತು ದಿನ.

ಎಲ್ಲಿಂದ ಎಲ್ಲಿವರೆಗೆ ಎಂದು ಗುಡಿ, ಶಾಲೆ, ಬಾವಿ, ಅರಳಿಕಟ್ಟೆಯ ಗುರುತು ಹೇಳಿ ಬರೆಯುವುದನ್ನು ಮರೆಯಬೇಡಿ. ‘5ನೇ ವಾರ್ಡಿನ ರಸ್ತೆ’ ಎಂದಷ್ಟೇ ಬರೆದರೆ ಬೇರೊಂದು ಅಡ್ಡರಸ್ತೆಯ ಕಡತದ ಪ್ರತಿ ಕೈಗೆ ಬರುತ್ತದೆ, ಅದೂ ದುಡ್ಡು ಕಟ್ಟಿದ ಮೇಲೆ.

ಶುಲ್ಕ, ಸಲ್ಲಿಕೆ

ಅರ್ಜಿ ಶುಲ್ಕ 10 ರೂಪಾಯಿ. ಪುರಸಭೆ ಕೌಂಟರಿನಲ್ಲಿ ನಗದು ಕಟ್ಟಿ ರಸೀದಿ ಪಡೆಯುವುದೇ ಉತ್ತಮ. ಪೋಸ್ಟಲ್ ಆರ್ಡರ್ ಆದರೆ ಯಾರ ಹೆಸರಿಗೆ ಎಂದು ಆ ಕಚೇರಿಯಲ್ಲೇ ಕೇಳಿ ಬರೆಯಿರಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲೂ ನಮೂದಿಸಿ. ಲಕೋಟೆಯೊಳಗೆ ಹತ್ತರ ನೋಟು ಇಟ್ಟು ಕಳಿಸಬೇಡಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು.

ವಿಳಾಸ ‘ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಪುರಸಭೆ ಕಾರ್ಯಾಲಯ’ ಎಂದಿರಲಿ. ಅಧಿಕಾರಿಯ ಹೆಸರು ಬರೆದರೆ, ಅವರಿಗೆ ವರ್ಗವಾಗಿದ್ದಾಗ ಟಪಾಲು ಅವರ ಹಿಂದೆಯೇ ಹೋಗಿಬಿಡುತ್ತದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಟಪಾಲು ಸಂಖ್ಯೆ ಹಾಕಿಸಿಕೊಳ್ಳಿ. ದಿನಾಂಕವಿಲ್ಲದ ಮೊಹರು ಪ್ರಯೋಜನಕ್ಕೆ ಬಾರದು. ಅಂಚೆಯಾದರೆ ಸ್ಪೀಡ್ ಪೋಸ್ಟ್ ಮಾಡಿ, ಖಾಸಗಿ ಕೊರಿಯರ್ ಬೇಡ. ರಾಜ್ಯ ಸರ್ಕಾರದ ಆನ್‌ಲೈನ್ ಆರ್‌ಟಿಐ ಪೋರ್ಟಲ್ಲೂ ಇದೆ, ಆದರೆ ಸಣ್ಣ ಪಟ್ಟಣಗಳ ಮಟ್ಟಿಗೆ ಕೈಯಲ್ಲಿ ಮೊಹರು ಬಿದ್ದ ಪ್ರತಿಯಷ್ಟು ಗಟ್ಟಿ ಬೇರೆ ಇಲ್ಲ.

ಮೂವತ್ತು ದಿನದ ಲೆಕ್ಕ

ಅರ್ಜಿ ತಲುಪಿದ ದಿನದಿಂದ 30 ದಿನದಲ್ಲಿ ಉತ್ತರ ಬರಬೇಕು. ಈ ನಡುವೆ ‘ಇಷ್ಟು ಪುಟಗಳಿವೆ, ಇಷ್ಟು ಹಣ ಕಟ್ಟಿ’ ಎಂಬ ಪತ್ರ ಬರುತ್ತದೆ. ಎ4 ಪುಟಕ್ಕೆ 2 ರೂಪಾಯಿ. ಪತ್ರ ಕಳಿಸಿದ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಅವಧಿ ಆ 30 ದಿನದಲ್ಲಿ ಸೇರುವುದಿಲ್ಲ, ಹಾಗಾಗಿ ಪತ್ರ ಬಂದ ದಿನವೇ ಹೋಗಿ ಕಟ್ಟಿ. ಗಡುವು ದಾಟಿ ಕೊಟ್ಟರೆ ಸೆಕ್ಷನ್ 7(6)ರ ಪ್ರಕಾರ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಕೊಡುವುದಿಲ್ಲ ಎಂದಾದರೆ ಯಾವ ಸೆಕ್ಷನ್ ಪ್ರಕಾರ ಎಂದೂ, ಯಾರಿಗೆ, ಎಷ್ಟು ದಿನದಲ್ಲಿ ಮೇಲ್ಮನವಿ ಸಲ್ಲಿಸಬೇಕೆಂದೂ ಅವರೇ ಬರೆದು ತಿಳಿಸಬೇಕು.

ಉತ್ತರವೇ ಬರದಿದ್ದರೆ ನಿರಾಕರಿಸಿದಂತೆಯೇ ಲೆಕ್ಕ. ನೆನಪೋಲೆ ಬರೆಯುತ್ತಾ ಕೂರಬೇಡಿ. ಗಡುವು ಮುಗಿದ 30 ದಿನದೊಳಗೆ ಅದೇ ಕಚೇರಿಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಕೊಡಿ. ಅದು ಯಾರೆಂದು ಕಚೇರಿಯ ಮಾಹಿತಿ ಹಕ್ಕು ಫಲಕದಲ್ಲಿರುತ್ತದೆ. 30, ಹೆಚ್ಚೆಂದರೆ 45 ದಿನದಲ್ಲಿ ಅಲ್ಲಿ ತೀರ್ಮಾನವಾಗಬೇಕು. ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಅಲ್ಲಿ ಸರದಿ ಬರುವುದು ನಿಧಾನ. ಅದಕ್ಕೇ ಮೊದಲ ಅರ್ಜಿಯನ್ನು ಚೊಕ್ಕವಾಗಿ ಬರೆಯಬೇಕೆಂದು ಇಷ್ಟು ಒತ್ತಿ ಹೇಳುತ್ತಿರುವುದು.

ಕಾಗದ ಬಂದ ಮೇಲೆ: ಟೇಪು ಹಿಡಿಯಿರಿ

ಮೊದಲು ಬಿಲ್ಲು ತೆಗೆಯಿರಿ. ಅದರಲ್ಲಿ ಅಳತೆ ಪುಸ್ತಕದ ಸಂಖ್ಯೆ ಮತ್ತು ಪುಟ ಸಂಖ್ಯೆ ಬರೆದಿರುತ್ತದೆ. ನಿಮಗೆ ಕೊಟ್ಟ ಪುಟಗಳು ಅವೇ ಹೌದೇ, ನಡುವೆ ಯಾವುದಾದರೂ ಹಾರಿದೆಯೇ ನೋಡಿ. ಅಳತೆ ಪುಸ್ತಕದ ಪುಟದಲ್ಲಿ ಎಡಕ್ಕೆ ಕೆಲಸದ ವಿವರ, ಆಮೇಲೆ ಸಂಖ್ಯೆ, ಉದ್ದ, ಅಗಲ, ದಪ್ಪ, ಕೊನೆಗೆ ಪರಿಮಾಣ. ಎಲ್ಲವೂ ಮೀಟರಿನಲ್ಲಿ. ಕಾಂಕ್ರೀಟಿನ ಸಾಲು ಹುಡುಕಿ.

ಆ ಸಾಲಿನಲ್ಲಿ ಉದ್ದ 85.00, ಅಗಲ 3.75, ದಪ್ಪ 0.15 ಎಂದಿದೆ ಅನ್ನಿ. ಗುಣಿಸಿದರೆ 47.81 ಘನ ಮೀಟರ್ ಕಾಂಕ್ರೀಟಿಗೆ ಹಣ ಹೋಗಿದೆ. ಈಗ ಬೀದಿಗೆ ಬನ್ನಿ. 30 ಮೀಟರ್ ಟೇಪು ಬೇಕು. ಬಡಗಿಯ 5 ಮೀಟರ್ ಟೇಪನ್ನು ಹದಿನೇಳು ಸಲ ಎತ್ತಿಟ್ಟು ಅಳೆದರೆ ಪ್ರತಿ ಸಲವೂ ಒಂದಿಷ್ಟು ತಪ್ಪುತ್ತದೆ. ಇಬ್ಬರು ಹಿಡಿದು ರಸ್ತೆಯ ನಡುಗೆರೆಯಲ್ಲಿ ಉದ್ದ ಅಳೆಯಿರಿ, ತಿರುವಿದ್ದಲ್ಲಿ ಟೇಪನ್ನು ನೇರ ಎಳೆಯದೆ ತುಂಡು ತುಂಡಾಗಿ ಅಳೆಯಿರಿ. ಅಗಲವನ್ನು ಕನಿಷ್ಠ ಐದು ಕಡೆ ಅಳೆದು ಸರಾಸರಿ ತೆಗೆಯಿರಿ. ಗುಡಿ ಮುಂದೆ ಅಗಲವಾಗಿದ್ದು ಶಾಲೆ ಹತ್ತಿರ ಕಿರಿದಾಗುವ ಬೀದಿಗಳೇ ಹೆಚ್ಚು.

ಮೋಸ ಅಡಗುವುದು ದಪ್ಪದಲ್ಲಿ. ಇದೇ ರಸ್ತೆ 15ರ ಬದಲು 10 ಸೆಂ.ಮೀ. ಇದ್ದರೆ ಬಿದ್ದಿರುವ ಕಾಂಕ್ರೀಟ್ 31.88 ಘನ ಮೀಟರ್ ಮಾತ್ರ. ವ್ಯತ್ಯಾಸ ಸುಮಾರು 16 ಘನ ಮೀಟರ್, ಅಂದರೆ ಆರು ಘನ ಮೀಟರ್ ಹಿಡಿಯುವ ಮಿಕ್ಸರ್ ಲಾರಿಯಲ್ಲಿ ಎರಡೂವರೆ ಲೋಡಿಗೂ ಹೆಚ್ಚು. ದಪ್ಪ ನೋಡಲು ರಸ್ತೆ ಒಡೆಯಬೇಡಿ, ಅದು ನಿಮ್ಮ ಮೇಲೆಯೇ ಕೇಸಾಗುತ್ತದೆ. ನಳದ ಸಂಪರ್ಕಕ್ಕೆ ಕತ್ತರಿಸಿದ ಜಾಗದಲ್ಲಿ ನೋಡಿ. ರಸ್ತೆಯ ಅಂಚನ್ನು ನಂಬಬೇಡಿ, ಕಾಂಕ್ರೀಟ್ ಸುರಿಯುವಾಗ ಅಂಚಿಗೆ ನಿಲ್ಲಿಸುವ ತಗಡಿನ ಅಚ್ಚಿನ ಪಕ್ಕದಲ್ಲಿ ದಪ್ಪ ಸರಿಯಾಗಿದ್ದು ನಡುವೆ ತೆಳುವಾಗಿರುವುದು ಉಂಟು. ಟೇಪಿನ ಅಂಕಿಯೂ, ಹಿಂದೆ ಗುಡಿಯೋ ಕಂಬವೋ ಕಾಣುವಂತೆ ಫೋಟೊ ತೆಗೆಯಿರಿ.

ಕ್ಯೂಬ್ ಪರೀಕ್ಷೆಯ ವರದಿಯಲ್ಲಿ ಎರಡು ದಿನಾಂಕ ನೋಡಿ: ಅಚ್ಚು ಹಾಕಿದ ದಿನ, ಪರೀಕ್ಷಿಸಿದ ದಿನ. 28 ದಿನದ ಬಲದ ವರದಿ ಎಂದಿದ್ದು ನಡುವೆ ಇಪ್ಪತ್ತೇ ದಿನ ಇದ್ದರೆ ಆ ವರದಿಗೆ ಅರ್ಥವಿಲ್ಲ. ಕಾರ್ಯಾದೇಶದ ದಿನಕ್ಕಿಂತ ಮೊದಲೇ ಅಚ್ಚು ಹಾಕಿದ್ದರೆ ಅದು ಬೇರೆ ಯಾವುದೋ ರಸ್ತೆಯ ಕ್ಯೂಬ್. ಮಣ್ಣು ಅಗೆತದ ಪರಿಮಾಣವನ್ನು ಈಗ ಯಾರೂ ಅಳೆಯಲಾರರು, ಅದರ ಮೇಲೆ ವಾದ ಹೂಡಬೇಡಿ. ಸಾಬೀತು ಮಾಡಬಹುದಾದ ಒಂದು ಅಂಶ ಸಾಕು.

ದಾಖಲೆಯಲ್ಲಿ ಎಲ್ಲ ಸರಿಯಿದ್ದೂ ರಸ್ತೆ ಹಾಳಾಗಿದ್ದರೆ ಕಾಯ್ದೆಯ ಸೆಕ್ಷನ್ 2(ಜೆ) ನೆನಪಿಸಿಕೊಳ್ಳಿ. ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಅದಕ್ಕೆ ಪ್ರತ್ಯೇಕ ಅರ್ಜಿ ಕೊಡಿ.

ಕೊನೆಗೆ ಕರಾರು ಪತ್ರ. ಅದರಲ್ಲಿ ‘ದೋಷ ಹೊಣೆಗಾರಿಕೆ ಅವಧಿ’ ಎಂಬ ಷರತ್ತು ಹುಡುಕಿ, ಪೂರ್ಣಗೊಂಡ ಪ್ರಮಾಣಪತ್ರದ ದಿನದಿಂದ ಎಣಿಸಿ. ಆ ಅವಧಿ ಮುಗಿಯುವವರೆಗೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ದುರಸ್ತಿ ಮಾಡಿಕೊಡಬೇಕು, ಅವರ ಭದ್ರತಾ ಠೇವಣಿ ಪುರಸಭೆಯ ಬಳಿಯೇ ಇರುತ್ತದೆ. ಅವಧಿ ಇನ್ನೂ ಇದ್ದರೆ ಮುಖ್ಯಾಧಿಕಾರಿಗೆ ಬರೆಯುವ ಪತ್ರದಲ್ಲಿ ಆ ಷರತ್ತಿನ ಸಂಖ್ಯೆ, ಮುಗಿಯುವ ದಿನಾಂಕ, ಅಳತೆ ಪುಸ್ತಕದ ಅಂಕಿ, ನಿಮ್ಮ ಅಂಕಿ ಬರೆದು, ದುರಸ್ತಿಯಾಗುವವರೆಗೆ ಠೇವಣಿ ಬಿಡುಗಡೆ ಮಾಡಬಾರದೆಂದು ಕೋರಿ. ಒಂದು ಪ್ರತಿ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ಇನ್ನೊಂದು ವಾರ್ಡ್ ಸದಸ್ಯರಿಗೆ. ಮುಂದಿನ ಸಾಮಾನ್ಯ ಸಭೆಗೆ ವಾರ ಮೊದಲೇ ಸದಸ್ಯರ ಕೈಗೆ ತಲುಪಿಸಿ, ಸಭೆಯ ಹಿಂದಿನ ರಾತ್ರಿ ಕೊಟ್ಟ ಕಾಗದವನ್ನು ಯಾರೂ ಓದಿಕೊಂಡು ಹೋಗುವುದಿಲ್ಲ. ಈ ಪತ್ರಕ್ಕೂ ದಿನಾಂಕವಿರುವ ಮೊಹರು ಹಾಕಿಸಿಕೊಳ್ಳಿ.