ಮಣಿ ದುಂಡಗಾದರೆ ಸಾಲದು

ಪೀಣ್ಯದ ನಮ್ಮ ಪುಟ್ಟ ಲ್ಯಾಬಿನಲ್ಲಿ ಚಿಕಿತ್ಸೆಗೆ ಬಳಸುವ ಪುಟ್ಟ ಮಣಿಗಳ ಮೊದಲ ಬ್ಯಾಚ್ ಕೆಟ್ಟಿದ್ದು ಕರೆಂಟ್ ಹೋಗಿ. ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯೊಳಗೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ನೀರಿನಲ್ಲಿ ಕರಗುವ ಪ್ಲಾಸ್ಟಿಕ್) ದ್ರಾವಣ ಹನಿಹನಿಯಾಗಿ ಸುತ್ತುತ್ತಿತ್ತು. ಆಸಿಡ್, ಹನಿಗಳನ್ನು ಗಟ್ಟಿ ಮಾಡುವ ಗ್ಲೂಟರಾಲ್ಡಿಹೈಡ್ ಹಾಕಿ ಹತ್ತು ನಿಮಿಷ ಆಗಿತ್ತಷ್ಟೆ. ಸ್ಟಿರರ್ ನಿಂತಿತು. ಕರೆಂಟ್ ಬರುವಷ್ಟರಲ್ಲಿ ಹನಿಗಳೆಲ್ಲ ಕೂಡಿಕೊಂಡು ಬೀಕರಿನ ತಳದಲ್ಲಿ ರಬ್ಬರಿನಂಥ ಮುದ್ದೆ. ಕೆರೆದು ತೆಗೆಯೋಕೆ ಇಡೀ ಮಧ್ಯಾಹ್ನ ಹಿಡಿಯಿತು. ಮರುದಿನವೇ ಸ್ಟಿರರ್‌ಗೆ ಯುಪಿಎಸ್ ಬಂತು.

ನಾವು ಮಾಡಲು ಹೊರಟಿದ್ದು ಎಂಬೊಲೈಸೇಷನ್ ಮಣಿಗಳನ್ನು. ಕ್ಯಾತಿಟರ್ ಅನ್ನೋ ತೆಳು ಕೊಳವೆ ಮೂಲಕ ಬಿಟ್ಟು ರಕ್ತನಾಳ ಮುಚ್ಚುತ್ತಾರಲ್ಲ, ಅವು. ಗರ್ಭಕೋಶದ ಫೈಬ್ರಾಯ್ಡ್‌ಗೆ ರಕ್ತ ನಿಂತರೆ ಗಡ್ಡೆ ಸೊರಗುತ್ತದೆ. ಲಿವರ್‌ನ ಕ್ಯಾನ್ಸರ್ ಗಡ್ಡೆಗೂ ಹಾಗೇ. ಗಡ್ಡೆ ಬೆಳೆಯುವುದು ಲಿವರಿನ ಅಪಧಮನಿಯಾದ ಹೆಪಾಟಿಕ್ ಆರ್ಟರಿಯ ರಕ್ತದಿಂದ. ಲಿವರ್‌ಗೆ ಜಾಸ್ತಿ ರಕ್ತ ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್‌ನಿಂದ ಬರುವುದರಿಂದ ಅದು ತಡೆದುಕೊಳ್ಳುತ್ತದೆ.

ಮಣಿ ದುಂಡಗಾಗುವುದು ದೊಡ್ಡ ಕಷ್ಟವಲ್ಲ. ಪಿವಿಎ ಪುಡಿಯನ್ನು 90 ಡಿಗ್ರಿ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಎಣ್ಣೆಗೆ ಸ್ವಲ್ಪ ಸ್ಪ್ಯಾನ್ 80 ಅನ್ನೋ ಸೋಪಿನಂಥ ವಸ್ತು ಹಾಕಿದರೆ ಹನಿಗಳು ಅಂಟಿಕೊಳ್ಳುವುದಿಲ್ಲ. ಸ್ಟಿರರ್ ಜೋರಾದಷ್ಟೂ ಮಣಿ ಸಣ್ಣ. ಆದರೆ ಒಂದೇ ಬೀಕರಿನಲ್ಲಿ ಎಲ್ಲ ಸೈಜೂ ಹುಟ್ಟುತ್ತವೆ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ತೀರಾ ಸಣ್ಣದು ಗಡ್ಡೆಯನ್ನೂ ದಾಟಿ ಶ್ವಾಸಕೋಶಕ್ಕೆ ಹೋಗಬಹುದು, ದೊಡ್ಡದು ಕ್ಯಾತಿಟರಿನಲ್ಲೇ ಕೂರುತ್ತದೆ.

ನಾನು ಜಾಣತನ ಮಾಡಿ ಮಣಿಗಳನ್ನು ಒಣಗಿಸಿ ಜರಡಿ ಹಿಡಿದೆ. 300ರಿಂದ 500 ಮೈಕ್ರಾನ್, ಎಷ್ಟು ಚೆನ್ನಾಗಿ ಬಂತು ಅಂತ ಬೀಗಿದೆ. ಸಲೈನ್‌ಗೆ ಹಾಕಿದರೆ ನೆನೆಸಿದ ಸಬ್ಬಕ್ಕಿ ತರ ಉಬ್ಬಿದವು. ಮೈಕ್ರೋಸ್ಕೋಪಿನಲ್ಲಿ ಅಳೆದಾಗ ಎಷ್ಟೋ ಮಣಿಗಳು 700 ದಾಟಿದ್ದವು. ಒಳಗೆ 0.53 ಮಿಲಿಮೀಟರ್, ಅಂದರೆ 530 ಮೈಕ್ರಾನ್ ಅಗಲವಿದ್ದ ಮೈಕ್ರೋಕ್ಯಾತಿಟರಿಗೆ ಸಿರಿಂಜಿನಿಂದ ಒತ್ತಿದೆ. ಹೆಬ್ಬೆರಳು ಬೆಳ್ಳಗಾಯಿತೇ ಹೊರತು ಒಂದು ಮಣಿಯೂ ಹೊರಬರಲಿಲ್ಲ. ನೋಡಲು ಬಂದಿದ್ದ ರೇಡಿಯಾಲಜಿ ಡಾಕ್ಟರು ನಕ್ಕರು. "ಒಣಗಿದ ಸೈಜ್ ಇಟ್ಕೊಂಡು ನಾನೇನ್ರೀ ಮಾಡ್ಲಿ? ರಕ್ತನಾಳದಲ್ಲಿ ಅದು ಒಣಗಿರಲ್ವಲ್ಲ."

ಅಂದಿನಿಂದ ಸಲೈನ್‌ನಲ್ಲಿ ನೆನೆಸಿಯೇ ಜರಡಿ. ಸ್ಟೀಲ್ ಜರಡಿಯ ಮೇಲೆ ಸಲೈನ್ ಸುರಿಯುತ್ತಾ, ಅಲ್ಲಾಡಿಸುತ್ತಾ ಗಂಟೆಗಟ್ಟಲೆ ನಿಲ್ಲಬೇಕು. ಸೊಂಟ ಹಿಡಿಯುತ್ತದೆ. ಡಾಕ್ಟರೇ ಹೇಳಿಕೊಟ್ಟಂತೆ ಸಲೈನ್ ಜೊತೆ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಬೆರೆಸಿದೆ. ಸುಮ್ನೆ ಸಲೈನ್ ಆದರೆ ಮಣಿಗಳು ಸಿರಿಂಜಿನ ತಳಕ್ಕೆ ಇಳಿದುಬಿಡುತ್ತವೆ. ಬೆರೆಸಿದ ಮೇಲೆ ನಡುವೆ ತೇಲಿದವು, ಕ್ಯಾತಿಟರಿನಲ್ಲಿ ಸಲೀಸಾಗಿ ಹರಿದವು.

ತೊಳೆಯುವುದು ಇನ್ನೊಂದು ತಪಸ್ಸು. ಎಣ್ಣೆ ಹೋಗಲು ಹೆಕ್ಸೇನ್, ಆಮೇಲೆ ಅಸಿಟೋನ್, ಆಮೇಲೆ ನೀರು. ಗ್ಲೂಟರಾಲ್ಡಿಹೈಡ್ ಜೀವಕೋಶಗಳಿಗೆ ವಿಷ, ಅದರ ಆವಿಗೆ ನನ್ನ ಕಣ್ಣೇ ಉರಿಯುತ್ತಿತ್ತು. ತೊಳೆದ ನೀರಿಗೆ ಶಿಫ್ ರಿಯೇಜೆಂಟ್ ಹಾಕಿದರೆ ಆಲ್ಡಿಹೈಡ್ ಇದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ. ಆರನೇ ಸಲವೂ ಬಂತು. ಒಂಬತ್ತನೇ ಸಲ ಬರಲಿಲ್ಲ. ನಂಬಿಕೆ ಬಾರದೆ ಮತ್ತೆರಡು ಸಲ ತೊಳೆದೆ.

ಮನುಷ್ಯರವರೆಗೆ ಹೋಗಲು ಇನ್ನೂ ಬಹಳ ಪರೀಕ್ಷೆಗಳಿವೆ. ಸದ್ಯಕ್ಕೆ ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಕೊಟ್ಟು ತೆಗೆದಿದ್ದೇನೆ. ಮಣಿ ದುಂಡಗೇ ಇದೆ. ಸೈಜ್ ಮಾತ್ರ ನಾಳೆ ಮತ್ತೆ ಅಳೆಯಬೇಕು, ನೆನೆದದ್ದನ್ನೇ.