ಊರಿನ ದಾರಿಯ ಟೋಲ್ ಲೆಕ್ಕ: ಫಾಸ್ಟ್ಯಾಗ್ ಇದ್ದರೆ, ಇಲ್ಲದಿದ್ದರೆ, ಪಾಸ್ ಮಾಡಿಸಿದರೆ

ನಾನಿರುವುದು ಬೆಂಗಳೂರಿನಲ್ಲಿ, ಊರು ಹಾವೇರಿ. ಎನ್‌ಎಚ್ 48ರಲ್ಲಿ ತುಮಕೂರು ದಾಟಿದರೆ ಕರ್ಜೀವನಹಳ್ಳಿ, ಗುಯಿಲಾಳು, ಹೆಬ್ಬಾಳು, ಚಳಗೇರಿ ಅಂತ ಟೋಲ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ತುಮಕೂರಿನ ಈಚೆಗೂ ಇವೆ. ಹಬ್ಬ, ಮದುವೆ, ಹೊಲದ ಕೆಲಸ ಅಂತ ಓಡಾಡುವ ನನಗೆ ಡೀಸೆಲ್ ಬಿಟ್ಟರೆ ದೊಡ್ಡ ಖರ್ಚು ಟೋಲೇ. ಹಾಗಾಗಿ ಸ್ವಲ್ಪ ತಲೆ ಹಾಕಿ ಲೆಕ್ಕ ಇಡುವುದು ರೂಢಿಯಾಗಿದೆ.

ಫಾಸ್ಟ್ಯಾಗ್ ಅಂದರೆ ಗಾಡಿಯ ಗಾಜಿಗೆ ಅಂಟಿಸುವ, ಟೋಲ್ ದುಡ್ಡು ತಾನಾಗೇ ಕಡಿತವಾಗುವ ಚೀಟಿ. ಎಲ್ಲ ನಾಲ್ಕು ಚಕ್ರದ ಗಾಡಿಗಳಿಗೆ ಅದು ಕಡ್ಡಾಯವಾಗಿದ್ದು 2021ರ ಫೆಬ್ರವರಿಯಲ್ಲಿ. ಆಮೇಲೆ ಟ್ಯಾಗ್ ಇಲ್ಲದೆ ಬಂದವರಿಗೆ ಡಬಲ್. 2025ರ ನವೆಂಬರ್ 15ರಿಂದ ಇದರಲ್ಲಿ ಸಣ್ಣ ಬದಲಾವಣೆ ಆಯಿತು. ಟ್ಯಾಗ್ ಇಲ್ಲದವರು ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಅಂತಾಯಿತು. ಟ್ಯಾಗ್‌ನಲ್ಲಿ 100 ರೂಪಾಯಿ ಆಗುವ ಕಡೆ ಯುಪಿಐಗೆ 125, ನಗದಿಗೆ 200.

ಹಾವೇರಿಯಲ್ಲಿರುವ ನಮ್ಮ ಕಾಕಾನ ಹಳೇ ಕಾರಿಗೆ ಟ್ಯಾಗ್ ಇಲ್ಲ. ಕೇಳಿದರೆ, ‘ವರ್ಷಕ್ಕ ಎರಡ ಸಲ ಹೈವೇ ಹತ್ತಾವ ನಾನು, ನನಗ್ಯಾಕೋ ತಮ್ಮಾ ಅದು?’ ಅನ್ನುತ್ತಾರೆ. ಅವರ ಓಡಾಟವೆಲ್ಲ ಹಾನಗಲ್ ಕಡೆ. ಹುಬ್ಬಳ್ಳಿ ಆಸ್ಪತ್ರೆಗೆ ಹೋಗುವಾಗ ಮಾತ್ರ ಬಂಕಾಪುರ ಟೋಲ್ ಸಿಗುತ್ತದೆ. ಒಮ್ಮೆ ಅವರ ಕಾರನ್ನು ನಾನೇ ಓಡಿಸಿದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಾಲು ಭಾಗ ಜಾಸ್ತಿ ಕಟ್ಟಿ ದಾಟಿದೆವು. ನನಗನ್ನಿಸುವ ಪ್ರಕಾರ ಅವರ ಲೆಕ್ಕ ಸರಿಯಾಗಿಯೇ ಇದೆ. ಟ್ಯಾಗ್ ಕೊಳ್ಳುವ ದುಡ್ಡು, ಡೆಪಾಸಿಟ್, ಕೆವೈಸಿ ಅಂತ ಗುರುತಿನ ದಾಖಲೆ ಕೊಡುವ ತಲೆನೋವು ಎಲ್ಲ ಸೇರಿಸಿದರೆ ಅವರಿಗೆ ಯುಪಿಐನೇ ಸಲೀಸು. ಅವತ್ತು ನೆಟ್‌ವರ್ಕ್ ಕೈಕೊಟ್ಟಿದ್ದರೆ ಮಾತ್ರ ನಗದು, ಅಂದರೆ ಡಬಲ್ ಕೊಡಬೇಕಿತ್ತು.

ಟ್ಯಾಗ್ ಇದ್ದವರ ಕಷ್ಟ ಬೇರೆ ಥರದ್ದು. ಅದರೊಳಗೆ ಬ್ಯಾಟರಿ ಇಲ್ಲ. ಮೇಲಿರುವ ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ. ಹಾಗಾಗಿ ಎಲ್ಲಿ, ಹೇಗೆ ಅಂಟಿಸಿದ್ದೀರಿ ಅನ್ನುವುದು ಮುಖ್ಯ. ನಾನು ಮುಂದಿನ ಗಾಜಿನ ಒಳಮೈಯನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಳಗಿನ ಕನ್ನಡಿಯ ಹಿಂದೆ, ನಡುಮಧ್ಯೆ, ಗಾಳಿಗುಳ್ಳೆ ಬರದಂತೆ ಒತ್ತಿ ಅಂಟಿಸಿದೆ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡು, ಟೋಲ್ ಬಂದಾಗ ಕೈಯಲ್ಲಿ ಎತ್ತಿ ತೋರಿಸುವವರಿದ್ದಾರೆ. ಅಂಥ ಟ್ಯಾಗ್‌ಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡಲು ಹೆದ್ದಾರಿ ಪ್ರಾಧಿಕಾರ 2025ರಲ್ಲೇ ಹೇಳಿದೆ. ಒಮ್ಮೆ ಅಂಟಿಸಿದ್ದನ್ನು ಕಿತ್ತರೆ ಹಾಳಾಗುತ್ತದೆ. ಗಾಜು ಬದಲಿಸಿದರೆ ಟ್ಯಾಗೂ ಹೊಸದೇ ಬೇಕು.

ಎಷ್ಟು ಚೆನ್ನಾಗಿ ಅಂಟಿಸಿದರೂ ಕೆಲವೊಮ್ಮೆ ಕಂಬ ಏಳುವುದಿಲ್ಲ. ‘ಸ್ವಲ್ಪ ರಿವರ್ಸ್ ತಗೊಳ್ಳಿ ಸಾರ್’ ಅಂತಾರೆ. ಹಿಂದೆ ಲಾರಿ ನಿಂತಿರುತ್ತದೆ, ಎಲ್ಲಿಗೆ ರಿವರ್ಸ್? ಆಮೇಲೆ ಹುಡುಗ ಕೈಯಲ್ಲಿ ಹಿಡಿಯುವ ಮಷಿನ್ ತಂದು ಗಾಜಿಗೆ ಹಿಡಿಯುತ್ತಾನೆ. ಒಂದು ಟೋಲ್‌ನಲ್ಲಿ ಅದರಲ್ಲೂ ಓದಲಿಲ್ಲ. ‘ಕ್ಯಾಶ್ ಕೊಡಿ ಸಾರ್, ಡಬಲ್ ಆಗುತ್ತೆ’ ಅಂದ. ನಾನು ಬ್ಯಾಂಕ್ ಆ್ಯಪ್ ತೆಗೆದು ಟ್ಯಾಗ್ ಆ್ಯಕ್ಟಿವ್ ಇರುವುದನ್ನೂ ಬ್ಯಾಲೆನ್ಸನ್ನೂ ತೋರಿಸಿ, ‘ಹಾಗಾದ್ರೆ ಝೀರೋ ರಸೀದಿ ಕೊಡಿ’ ಅಂದೆ. ಟ್ಯಾಗ್ ಸರಿಯಿದ್ದು, ಹಣವೂ ಇದ್ದು, ಟೋಲ್‌ನವರ ಯಂತ್ರ ಕೆಟ್ಟಿದ್ದರೆ ಗಾಡಿಯನ್ನು ಶುಲ್ಕವಿಲ್ಲದೆ ಬಿಟ್ಟು ಶೂನ್ಯ ಮೊತ್ತದ ರಸೀದಿ ಕೊಡಬೇಕು ಅಂತ ನಿಯಮವೇ ಇದೆ. ಹಿಂದಿನವರ ಹಾರ್ನ್ ಶುರುವಾಗಿತ್ತು. ಸೂಪರ್‌ವೈಸರ್ ಬಂದು ನೋಡಿ, ಮಾತಿಲ್ಲದೆ ರಸೀದಿ ಕೊಟ್ಟು ಬಿಟ್ಟರು. ಜಗಳ ಮಾಡಬೇಕಿಲ್ಲ, ಆ ಪದ ಗೊತ್ತಿದ್ದರೆ ಸಾಕು. ಅಲ್ಲೂ ಕೇಳದಿದ್ದರೆ 1033 ಸಹಾಯವಾಣಿ ಇದೆ.

ಆದರೆ ತಪ್ಪು ನಮ್ಮ ಕಡೆ ಇದ್ದರೆ ಈ ವಾದ ನಡೆಯುವುದಿಲ್ಲ. ಬ್ಯಾಲೆನ್ಸ್ ಖಾಲಿ, ಕೆವೈಸಿ ಬಾಕಿ, ಅದೇ ಗಾಡಿಗೆ ಇನ್ನೊಂದು ಬ್ಯಾಂಕಿನ ಟ್ಯಾಗ್ ತೆಗೆಸಿದ್ದರಿಂದ ಹಳೆಯದು ಬಂದ್, ಹೀಗೆ ಯಾವುದಾದರೂ ಇದ್ದರೆ ಅಂಟಿಸಿದ ಟ್ಯಾಗ್ ಇದ್ದೂ ಇಲ್ಲದ ಹಾಗೆ. ಹೊರಡುವ ಹಿಂದಿನ ರಾತ್ರಿ ಟೈರಿನ ಗಾಳಿ ನೋಡುವಾಗಲೇ ಇದನ್ನೂ ನೋಡಿಬಿಡುತ್ತೇನೆ.

ಈಗ ವಾರ್ಷಿಕ ಪಾಸ್ ವಿಷಯ. 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅದು. ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ಹಳದಿ ಬೋರ್ಡ್‌ಗೆ ಇಲ್ಲ. ಹೆದ್ದಾರಿ ಪ್ರಾಧಿಕಾರದ ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ದುಡ್ಡು ಕಟ್ಟಿದರೆ ಇರುವ ಟ್ಯಾಗ್ ಮೇಲೆಯೇ ಪಾಸ್ ಕೂರುತ್ತದೆ. ಷೋರೂಮಿನವರು ಚಾಸಿ ನಂಬರ್ ಮೇಲೆ ಟ್ಯಾಗ್ ಕೊಟ್ಟಿದ್ದರೆ ಮೊದಲು ಗಾಡಿಯ ನೋಂದಣಿ ಸಂಖ್ಯೆ ಸೇರಿಸಿಸಬೇಕು.

ಟ್ರಿಪ್ ಅಂದರೆ ಬೆಂಗಳೂರಿಂದ ಹಾವೇರಿಗೆ ಒಂದು ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ದಾರಿಯಲ್ಲಿ ಒಂದೊಂದು ಟೋಲ್ ದಾಟಿದ್ದೂ ಒಂದೊಂದು ಟ್ರಿಪ್. ಬರುವಾಗ ಮತ್ತೆ ಅಷ್ಟೇ. ಒಂದು ಟೋಲ್‌ಗೆ ಸರಾಸರಿ 75 ರೂಪಾಯಿ ಅಂತ ಇಟ್ಟುಕೊಂಡರೂ 40 ಸಲ ದಾಟುವಷ್ಟರಲ್ಲಿ 3,000 ಹುಟ್ಟಿತು, ಉಳಿದ 160 ಲಾಭ. ಇಲ್ಲಿ ಒಂದು ಸೂಕ್ಷ್ಮ ಇದೆ. ಪಾಸ್ ಇಲ್ಲದ ಟ್ಯಾಗ್‌ನಲ್ಲಿ 24 ಗಂಟೆಯೊಳಗೆ ಅದೇ ಟೋಲ್‌ನಲ್ಲಿ ವಾಪಸ್ ಬಂದರೆ ಹೋಗಿಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ ಹಿಡಿಯುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಪಾಸ್‌ನ ಲಾಭ ಅಷ್ಟು ಬೇಗ ಕಾಣಿಸುವುದಿಲ್ಲ, ಯಾಕೆಂದರೆ ಅದರಲ್ಲಿ ವಾಪಸ್ ಬಂದಿದ್ದೂ ಇಡೀ ಒಂದು ಟ್ರಿಪ್. ಟೋಲ್‌ನಿಂದ 20 ಕಿಲೋಮೀಟರ್ ಒಳಗೆ ಮನೆ ಇರುವವರು ವಾರ್ಷಿಕ ಪಾಸ್‌ಗಿಂತ ಮೊದಲು ಸ್ಥಳೀಯರ ತಿಂಗಳ ಪಾಸ್ ವಿಚಾರಿಸಬೇಕು.

ನಾನು ಊರಿಗೆ ಹೋದರೆ ಎರಡು ಮೂರು ದಿನ ಇರುವವನು. 24 ಗಂಟೆಯ ರಿಯಾಯಿತಿ ನನಗೆ ಹೇಗೂ ಸಿಗುತ್ತಿರಲಿಲ್ಲ, ಹಾಗಾಗಿ ಪಾಸ್ ಮಾಡಿಸಿದೆ. ಆದರೂ ಟ್ಯಾಗ್‌ನ ವ್ಯಾಲೆಟ್‌ನಲ್ಲಿ ಒಂದಿಷ್ಟು ದುಡ್ಡು ಇಟ್ಟೇ ಇರುತ್ತೇನೆ. ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ. ರಾಜ್ಯ ಹೆದ್ದಾರಿ ಟೋಲ್‌ಗಳಲ್ಲಿ, ಬೆಂಗಳೂರಿನ ನೈಸ್ ರಸ್ತೆಯಲ್ಲಿ ಅದು ಲೆಕ್ಕಕ್ಕಿಲ್ಲ. 200 ಟ್ರಿಪ್ ಮುಗಿದ ಕೂಡಲೇ ಅದು ಮಾಮೂಲಿ ಟ್ಯಾಗ್ ಆಗಿ, ದುಡ್ಡು ವ್ಯಾಲೆಟ್‌ನಿಂದಲೇ ಹೋಗುತ್ತದೆ.

ಕಾರು ಮಾರುವವರು ಆರ್‌ಸಿ ವರ್ಗಾವಣೆಯ ಜೊತೆಗೇ ಬ್ಯಾಂಕಿಗೆ ಹೇಳಿ ಟ್ಯಾಗ್ ಮುಚ್ಚಿಸಿ, ಡೆಪಾಸಿಟ್ ವಾಪಸ್ ಕೇಳಿ. ಇಲ್ಲದಿದ್ದರೆ ಕೊಂಡವರು ಧರ್ಮಸ್ಥಳಕ್ಕೆ ಹೋದಾಗ ಟೋಲ್ ಕಡಿತದ ಎಸ್‌ಎಂಎಸ್ ನಿಮಗೆ ಬರುತ್ತದೆ.