ಮೊಟ್ಟೆ ತಳಿಯ ಗಂಡು ಮರಿ: ಕೊನೆಗೂ ಲೆಕ್ಕ ಕೂಡಿಬಂತು

ಮೊಟ್ಟೆಗೆಂದೇ ಸಾಕುವ ಲೇಯರ್ ಕೋಳಿಗಳ ಗಂಡು ಮರಿಗಳನ್ನು ಮಾಂಸಕ್ಕೆ ಸಾಕುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಮರಿ ಪುಕ್ಕಟೆ ಸಿಗಬಹುದು, ಫೀಡ್ ಪುಕ್ಕಟೆ ಸಿಗುತ್ತಾ?" ಅಂತ ಕೇಳಿದರು. ಕೇಳಿದ್ದು ಸರಿಯೇ, ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲು ಫೀಡಿಗೇ ಹೋಗುತ್ತದೆ. ಆದರೂ ಈಗ ನನ್ನ ಬ್ಯಾಚ್‌ಗಳು ಲಾಭದಲ್ಲೇ ಖಾಲಿಯಾಗುತ್ತಿವೆ. ನಕ್ಕವರಲ್ಲಿ ಕೆಲವರು ಈಗ ಫೀಡಿನ ಮಿಕ್ಸ್ ಕೇಳುತ್ತಿದ್ದಾರೆ!

ಮೊದಮೊದಲು ದುಡ್ಡು ತಿಂದದ್ದು ಬ್ರಾಯ್ಲರ್ ಸ್ಟಾರ್ಟರ್, ಅಂದರೆ ಮಾಂಸದ ಕೋಳಿಯ ಮರಿಗೆ ಕೊಡುವ ಫೀಡ್. ಆರು ವಾರಕ್ಕೆ ಬ್ರಾಯ್ಲರ್ 2 ಕೆಜಿ ದಾಟಿರುತ್ತದೆ, ಮೊಟ್ಟೆ ತಳಿಯಾದ ಬಿಳಿ ಲೆಗ್‌ಹಾರ್ನ್ ಹುಂಜ ಅರ್ಧ ಕೆಜಿ ಆಸುಪಾಸಿನಲ್ಲೇ ಇರುತ್ತದೆ. ದುಬಾರಿ ಫೀಡ್ ಸುರಿದರೂ ಅಷ್ಟೇ. ಈಗ ಐದಾರು ವಾರ ಚಿಕ್ ಸ್ಟಾರ್ಟರ್ (ಮೊಟ್ಟೆ ತಳಿಯ ಮರಿಗಳ ಫೀಡ್), ಆಮೇಲೆ ಮೆಕ್ಕೆಜೋಳ, ತೌಡು, ಹಿಂಡಿ ಸೇರಿಸಿ ನಾನೇ ಮಾಡಿದ ಮಿಕ್ಸ್. ಯಾವುದು ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಮೊಟ್ಟೆ ಇಡುವ ಕೋಳಿಗೆ ಹಾಕಿ ಮಿಕ್ಕ ಲೇಯರ್ ಫೀಡ್ ಮಾತ್ರ ಮರಿಗಳ ಹತ್ತಿರ ತರಬೇಡಿ. ಅದರಲ್ಲಿ ಕ್ಯಾಲ್ಸಿಯಂ 4% ಹತ್ತಿರ ಇರುತ್ತದೆ. ಅದನ್ನು ತಿಂದ ಒಂದು ಬ್ಯಾಚಿನಲ್ಲಿ ಸತ್ತವನ್ನು ಕೊಯ್ದು ನೋಡಿದರೆ ಕಿಡ್ನಿ ಊದಿ, ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

ಬ್ರೂಡಿಂಗ್, ಅಂದರೆ ಎಳೆ ಮರಿಗಳನ್ನು ಬೆಚ್ಚಗಿಟ್ಟು ಸಾಕುವುದು, ನಿಮಗೆ ಗೊತ್ತಿರುವುದೇ. ಈ ಜಾತಿ ಬೆದರುವುದು ಜಾಸ್ತಿ, ಅದೊಂದು ನೆನಪಿರಲಿ. ಕರೆಂಟ್ ಹೋದ ರಾತ್ರಿ ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು ಒಂದು ರಾಶಿ ಮರಿ ಉಸಿರುಗಟ್ಟಿ ಹೋದವು. ಈಗ ಶೆಡ್ಡಿನ ಮೂಲೆಗಳಿಗೆಲ್ಲ ತಗಡು ಬಗ್ಗಿಸಿ ದುಂಡಗೆ ಮಾಡಿದ್ದೇನೆ. ಇನ್ನೊಂದು, ಗಂಡು ಮರಿ ಅಂತ ಮರಿ ಮಾಡಿಸುವ ಹ್ಯಾಚರಿಯಲ್ಲಿ ಮ್ಯಾರೆಕ್ಸ್ ಅನ್ನುವ ವೈರಸ್ ರೋಗದ ಲಸಿಕೆ ಬಿಟ್ಟಿರಬಹುದು, ಮೊದಲೇ ಕೇಳಿ ಹಾಕಿಸಿಕೊಳ್ಳಿ.

ಅಝೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ) ಹಾಕಿ ಫೀಡ್ ಉಳಿಸೋಣ ಅಂತ ಸುಮ್ನೆ ಒಂದು ಪ್ರಯೋಗ ಮಾಡಿದೆ. ಅದರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಪಾಲು ನೀರೇ ಅಲ್ವಾ, ಹೊಟ್ಟೆ ತುಂಬಿತು, ತೂಕ ಹಿಂದೆ ಬಿತ್ತು. ಕಪ್ಪು ಸೈನಿಕ ನೊಣದ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಹುಳ ಕೊಟ್ಟಾಗ ತೂಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಆದರೆ ಒಂದನ್ನೊಂದು ಕುಕ್ಕುವುದು ಕಡಿಮೆಯಾಯಿತು. ಅದಕ್ಕೇ ಹುಳ ಸಾಕುವುದು ಇನ್ನೂ ಬಿಟ್ಟಿಲ್ಲ.

ಈಗ ಅಸಲು ವಿಷಯ. ಹತ್ತು ಹನ್ನೊಂದು ವಾರಕ್ಕೆ ನನ್ನ ಹುಂಜಗಳು 1 ಕೆಜಿ ಮುಟ್ಟುತ್ತವೆ. ಅಷ್ಟರಲ್ಲಿ ತಿಂದಿರುವ ಫೀಡ್ 3 ಕೆಜಿ, ಸ್ವಲ್ಪ ಜಾಸ್ತಿಯೇ ಇರಬಹುದು. ಕಂದು ತಳಿಯವು ಇನ್ನೂ ಕಾಲು ಕೆಜಿ ಮುಂದಿರುತ್ತವೆ. ಆಮೇಲೆ ತಿನ್ನುವುದು ಏರುತ್ತದೆ, ಬೆಳೆಯುವುದು ನಿಧಾನ. ಮೇಲೆ ಕೂಗು, ಜಗಳ, ಗಾಯ. ಹದಿನಾರು ವಾರದವರೆಗೆ ಇಟ್ಟುಕೊಂಡವರು ದೊಡ್ಡ ಹುಂಜ ತೋರಿಸುತ್ತಾರೆ, ಫೀಡಿನ ಬಿಲ್ಲು ತೋರಿಸುವುದಿಲ್ಲ. ಜರ್ಮನಿಯಲ್ಲಿ 2022ರಿಂದ, ಮೊಟ್ಟೆ ಇಡುವುದಿಲ್ಲ ಅಂತ ಈ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವಂತಿಲ್ಲ. ಅಲ್ಲಿ ಸಾಕುವ ಖರ್ಚನ್ನು ಮೊಟ್ಟೆಯ ಬೆಲೆಗೆ ಸೇರಿಸಿ ಮಾರುವವರಿದ್ದಾರೆ. ಬರೀ ಮಾಂಸ ನಂಬಿದವರಿಗೆ ಆ ಆಸರೆ ಎಲ್ಲಿ?

ಹಾಗಾಗಿ ಹತ್ತನೇ ವಾರದಿಂದಲೇ ಮಾರಾಟ. ದಪ್ಪಗಿರುವವು ಮೊದಲು ಹೊರಡುತ್ತವೆ, ಉಳಿದವಕ್ಕೆ ಜಾಗ ಸಿಕ್ಕಿ ಎರಡೇ ವಾರದಲ್ಲಿ ಮೈ ತುಂಬಿಕೊಳ್ಳುತ್ತವೆ. ಎದೆ ತೆಳು, ಕಾಲು ಗಟ್ಟಿ, ನಿಧಾನಕ್ಕೆ ಬೇಯಿಸಬೇಕು ಅಂತ ಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೇಳಿ ಮಾರಿದ ಮೇಲೆ ದೂರು ಬಂದಿಲ್ಲ, ಮುಂದಿನ ಬ್ಯಾಚಿಗೆ ಈಗಲೇ ಮುಂಗಡ ಕೊಟ್ಟವರಿದ್ದಾರೆ.